ಅಟ್ಟದ ಮೇಲಿನ ಹಿತ್ತಾಳೆ ಬ್ಯಾಟರಿ

ಹೊಳಲ್ಕೆರೆಯ ಅಡಿಕೆ ತೋಟಗಳಲ್ಲಿ, ಹೊಸದುರ್ಗದ ತೆಂಗಿನ ಸಾಲುಗಳಲ್ಲಿ, ಹಿರಿಯೂರಿನ ಈರುಳ್ಳಿ ಹೊಲಗಳಲ್ಲಿ ರಾತ್ರಿಯೆಂದರೆ ನಿದ್ದೆಯ ಹೊತ್ತಷ್ಟೇ ಅಲ್ಲ, ನೀರಿನ ಹೊತ್ತೂ ಹೌದು. ಕೊಳವೆಬಾವಿಯ ಮೋಟಾರು ತಿರುಗಲು ಬೇಕಾದ ಮೂರು ಫೇಸಿನ ವಿದ್ಯುತ್ತು ಇಲ್ಲಿ ಪಾಳಿಯ ಮೇಲೆ ಬರುತ್ತದೆ. ಪಾಳಿ ರಾತ್ರಿಗೆ ಬಿದ್ದರೆ ಮನೆಯವರಲ್ಲಿ ಒಬ್ಬರು ಎದ್ದು ಹೋಗಲೇಬೇಕು. ಕರೆಂಟು ಬಂದೊಡನೆ ಮೋಟಾರನ್ನು ತಾನೇ ಚಾಲೂ ಮಾಡುವ ಸ್ಟಾರ್ಟರುಗಳು ಬಂದಿವೆಯಾದರೂ ಒಂದು ಪಾತಿಯಿಂದ ಇನ್ನೊಂದು ಪಾತಿಗೆ ನೀರು ತಿರುಗಿಸಲು ಮನುಷ್ಯನೇ ಬೇಕು. ಹೆಗಲ ಮೇಲೆ ಕಂಬಳಿ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಬ್ಯಾಟರಿ ಹಿಡಿದು ಬದುವಿನ ಮೇಲೆ ನಡೆಯುವ ರೈತನ ಚಿತ್ರ ಈ ಸೀಮೆಗೆ ತೀರ ಪರಿಚಿತವಾದುದು.

ಟಾರ್ಚು ಎಂಬ ಹೆಸರು ಅಂಗಡಿಯ ರಟ್ಟಿನ ಪೆಟ್ಟಿಗೆಯ ಮೇಲೆ ಇರುತ್ತದೆ. ಊರ ಮಾತಿನಲ್ಲಿ ಅದು ಬ್ಯಾಟರಿ. ಅದರೊಳಗೆ ಹಾಕುವುದು ಶೆಲ್ಲು. ‘ಎರಡು ಶೆಲ್ಲಿನ ಬ್ಯಾಟರಿ’, ‘ಮೂರು ಶೆಲ್ಲಿನ ಬ್ಯಾಟರಿ’ ಎಂದೇ ಅದರ ಅಳತೆ. ಬೆಳಕು ಚೆಲ್ಲುವುದಕ್ಕೆ ‘ಬ್ಯಾಟರಿ ಬಿಡು’ ಎನ್ನುತ್ತಾರೆ.

ಈ ಬ್ಯಾಟರಿಯ ಬಗ್ಗೆ ಹಿರಿಯರಲ್ಲಿ ಒಂದು ದೂರು ಇದ್ದೇ ಇದೆ. ಹಿಂದಿನ ಹಿತ್ತಾಳೆ ಬ್ಯಾಟರಿ ಒಂದು ತಲೆಮಾರು ಬಾಳುತ್ತಿತ್ತು, ಈಗಿನದು ಒಂದು ಮಳೆಗಾಲ ದಾಟುವುದಿಲ್ಲ ಎಂಬುದು ಆ ದೂರು. ಕಿರಿಯರು ಇದನ್ನು ಒಪ್ಪುವುದಿಲ್ಲ. ಹಳೆಯದರ ಬೆಳಕು ಹತ್ತು ಮಾರು ಹೋಗುವಷ್ಟರಲ್ಲಿ ಸೊರಗುತ್ತಿತ್ತು, ಹೊಸದು ತೋಟದ ಆ ಬದಿಯ ಬೇಲಿಯನ್ನೂ ತೋರಿಸುತ್ತದೆ ಎಂಬುದು ಅವರ ವಾದ. ಯಾವುದು ಗಟ್ಟಿ, ಯಾವುದು ಪೊಳ್ಳು ಎಂಬ ಈ ಮನೆಮಾತಿನ ಜಗಳದ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಅದನ್ನು ಬಿಡಿಸಿ ನೋಡಿದರೆ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ ಕಾಣುತ್ತದೆ.

ಬತ್ತೇರಿಯೂ ಬ್ಯಾಟರಿಯೂ

ಚಿತ್ರದುರ್ಗದ ಕೋಟೆ ಹತ್ತಿದವರಿಗೆ ‘ಬತ್ತೇರಿ’ ಎಂಬ ಮಾತು ಹೊಸದಲ್ಲ. ಲಾಲ್ ಬತ್ತೇರಿ, ಝಂಡಾ ಬತ್ತೇರಿ ಎಂಬ ಹೆಸರುಗಳು ಅಲ್ಲಿ ಇಂದಿಗೂ ಬಳಕೆಯಲ್ಲಿವೆ. ಫಿರಂಗಿಗಳನ್ನು ಸಾಲಾಗಿ ನಿಲ್ಲಿಸುವ ಬುರುಜಿಗೆ ಯುರೋಪಿನ ಭಾಷೆಗಳಲ್ಲಿ ಇದ್ದ ಹೆಸರು ಕನ್ನಡದ ಬಾಯಿಯಲ್ಲಿ ಬತ್ತೇರಿಯಾಯಿತು. ಕೇರಳದ ವಯನಾಡಿನ ಸುಲ್ತಾನ್ ಬತ್ತೇರಿಯೂ ಮಂಗಳೂರಿನ ಸುಲ್ತಾನ್ ಬತ್ತೇರಿಯೂ ಇದೇ ಮೂಲದವು.

ಕೈದೀಪದ ಬ್ಯಾಟರಿಗೂ ಈ ಬತ್ತೇರಿಗೂ ನೆಂಟಸ್ತಿಕೆ ಇದೆ. 1749ರ ಸುಮಾರಿಗೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತನ್ನು ಹಿಡಿದಿಡುವ ಗಾಜಿನ ಜಾಡಿಗಳನ್ನು ಒಂದಕ್ಕೊಂದು ಜೋಡಿಸಿದರು. ಆ ಜಾಡಿಗಳ ಸಾಲಿಗೆ ಫಿರಂಗಿಗಳ ಸಾಲಿನ ಹೆಸರನ್ನೇ ಇಟ್ಟರು. ಒಂದೇ ಹೊಡೆತಕ್ಕೆ ಬೇಕಾದ ಬಲವನ್ನು ಹಲವು ಘಟಕಗಳಿಂದ ಒಟ್ಟುಗೂಡಿಸುವುದು ಎರಡಕ್ಕೂ ಸಾಮಾನ್ಯವಾದ ಗುಣ. 1800ರಲ್ಲಿ ಇಟಲಿಯ ವೋಲ್ಟಾ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ನಿರಂತರವಾಗಿ ವಿದ್ಯುತ್ತು ಹರಿಸಿದ ಮೇಲೆ ಹೆಸರು ಅದಕ್ಕೂ ಅಂಟಿಕೊಂಡಿತು. ಹೀಗೆ ಒಂದೇ ಮಾತು ಎರಡು ಬೇರೆ ಬೇರೆ ಕಾಲಗಳಲ್ಲಿ ದುರ್ಗದ ಸೀಮೆಗೆ ಬಂತು. ಮೊದಲ ಸಲ ಫಿರಂಗಿಯ ಜೊತೆ ಬಂದು ಗುಡ್ಡದ ಮೇಲೆ ನಿಂತಿತು. ಎರಡನೆಯ ಸಲ ಶೆಲ್ಲಿನ ಜೊತೆ ಬಂದು ಕೈಗೆ ಸಿಕ್ಕಿತು.

ಅದಕ್ಕೆ ಮುಂಚೆ ರಾತ್ರಿಯ ಓಡಾಟಕ್ಕೆ ಇದ್ದದ್ದು ಪಂಜು, ದೀವಟಿಗೆ, ಆಮೇಲೆ ಸೀಮೆಎಣ್ಣೆಯ ಲಾಟೀನು. ಇವೆಲ್ಲ ಸುತ್ತಲೂ ಬೆಳಕು ಚೆಲ್ಲುವ ದೀಪಗಳು. ಹಿಡಿದವನ ಕಣ್ಣಿಗೇ ಮೊದಲು ಕುಕ್ಕುವ ಬೆಳಕು ಅವುಗಳದು. ಗಾಳಿಗೆ ಆರುವ, ಹುಲ್ಲಿನ ಮೆದೆಗೆ ಕಿಡಿ ಹಾರಿಸುವ ಭಯ ಬೇರೆ. ಬೇಕಾದ ಕಡೆಗಷ್ಟೇ ಬೆಳಕನ್ನು ಅಟ್ಟುವ, ಬೆಂಕಿಯಿಲ್ಲದ ದೀಪ ಹಳ್ಳಿಗೆ ಕಾಲಿಟ್ಟಾಗ ಅದು ಸೋಜಿಗವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಮಿಣುಕಿ ಆರುತ್ತಿದ್ದ ದೀಪ

ಕೈದೀಪ ಹುಟ್ಟಲು ಮೊದಲು ಒಣ ಶೆಲ್ಲು ಹುಟ್ಟಬೇಕಿತ್ತು. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ಮಾಡಿದ ಕೋಶದಲ್ಲಿ ಸತು, ಇದ್ದಿಲು, ಮ್ಯಾಂಗನೀಸ್ ಡೈಆಕ್ಸೈಡ್ ಇದ್ದವು. ಆದರೆ ಅದರಲ್ಲಿ ನವಸಾಗರದ ದ್ರಾವಣ ತುಂಬಿದ್ದರಿಂದ ಓರೆ ಮಾಡಿದರೆ ಚೆಲ್ಲುತ್ತಿತ್ತು. 1880ರ ದಶಕದಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ದ್ರಾವಣವನ್ನು ಗಟ್ಟಿ ಸರಿಯಂತೆ ಮಾಡಿ, ಸತುವಿನ ಡಬ್ಬಿಯನ್ನೇ ಪಾತ್ರೆಯಾಗಿಸಿದರು. ಆಗ ಶೆಲ್ಲನ್ನು ಜೇಬಿನಲ್ಲಿಟ್ಟು ನಡೆಯಲು ಸಾಧ್ಯವಾಯಿತು.

1899ರ ಜನವರಿಯಲ್ಲಿ ಡೇವಿಡ್ ಮೈಸೆಲ್ ಎಂಬವರಿಗೆ ಅಮೆರಿಕದಲ್ಲಿ ಕೊಳವೆಯಾಕಾರದ ಕೈದೀಪಕ್ಕೆ ಪೇಟೆಂಟ್ ದೊರೆಯಿತು. ಅದರ ಹಕ್ಕು ರಷ್ಯಾದಿಂದ ವಲಸೆ ಬಂದಿದ್ದ ಕಾನ್ರಾಡ್ ಹ್ಯೂಬರ್ಟ್ ಅವರ ಕಂಪನಿಗೆ ಸೇರಿತ್ತು. ಆ ದೀಪ ಇಂದಿನಂತೆ ಸತತವಾಗಿ ಉರಿಯುತ್ತಿರಲಿಲ್ಲ. ಇಂಗಾಲದ ಎಳೆಯ ಬಲ್ಬು ಹೆಚ್ಚು ವಿದ್ಯುತ್ತು ನುಂಗುತ್ತಿತ್ತು, ಶೆಲ್ಲು ಬಲಹೀನವಾಗಿತ್ತು. ಕ್ಷಣ ಹೊತ್ತು ಮಿಣುಕಿಸಿ ಆರಿಸಿ ಶೆಲ್ಲಿಗೆ ಸುಧಾರಿಸಿಕೊಳ್ಳಲು ಬಿಡಬೇಕಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಮಿಂಚು ದೀಪವೆಂಬ ಅರ್ಥದ ‘ಫ್ಲ್ಯಾಶ್‌ಲೈಟ್’ ಎಂಬ ಹೆಸರು ಬಂದದ್ದು ಹಾಗೆ. 1910ರ ನಂತರ ಟಂಗ್‌ಸ್ಟನ್ ಎಳೆಯ ಬಲ್ಬು ಬಳಕೆಗೆ ಬಂದ ಮೇಲೆಯೇ ಅದು ನೆಚ್ಚಬಹುದಾದ ದೀಪವಾಯಿತು.

ಹ್ಯೂಬರ್ಟರ ಕಂಪನಿಯ ‘ಎವರ್ ರೆಡಿ’ ಎಂಬ ಹೆಸರು ಮುಂದೆ ಭಾರತಕ್ಕೂ ಬಂತು. 1934ರಲ್ಲಿ ಎವರ್ ರೆಡಿ ಕಂಪನಿ ಇಲ್ಲಿ ನೋಂದಣಿಯಾಯಿತು. 1939ರಲ್ಲಿ ಕಲ್ಕತ್ತದಲ್ಲಿ, 1952ರಲ್ಲಿ ಮದರಾಸಿನಲ್ಲಿ ಶೆಲ್ಲಿನ ಕಾರ್ಖಾನೆಗಳು, 1958ರಲ್ಲಿ ಲಖನೌದಲ್ಲಿ ಟಾರ್ಚಿನ ಕಾರ್ಖಾನೆ ಆರಂಭವಾದವು. 1959ರಿಂದ ಅದು ಯೂನಿಯನ್ ಕಾರ್ಬೈಡ್ ಇಂಡಿಯಾ ಎಂಬ ಹೆಸರಿನಲ್ಲಿ ನಡೆಯಿತು. ಅಲಹಾಬಾದಿನ ಜೀಪ್ ಟಾರ್ಚುಗಳೂ ದೇಶದ ಉದ್ದಗಲಕ್ಕೆ ಹೋದವು. 1972ರಲ್ಲಿ ಸ್ಥಾಪನೆಯಾದ ಇಂಡೋ ನ್ಯಾಷನಲ್ ಕಂಪನಿಯ ನಿಪ್ಪೋ ಶೆಲ್ಲು ದಕ್ಷಿಣದ ಕಿರಾಣಿ ಅಂಗಡಿಗಳಲ್ಲಿ ಮನೆಮಾತಾಯಿತು. 1984ರ ಭೋಪಾಲ್ ದುರಂತದ ಹತ್ತು ವರ್ಷಗಳ ಬಳಿಕ, 1994ರಲ್ಲಿ, ಯೂನಿಯನ್ ಕಾರ್ಬೈಡ್‌ನ ಭಾರತೀಯ ಪಾಲು ಕೈಬದಲಾಗಿ ಕಂಪನಿ ಮತ್ತೆ ಎವರೆಡಿ ಎಂಬ ಹೆಸರಿಗೆ ಮರಳಿತು.

ಹಿತ್ತಾಳೆಯ ಗಟ್ಟಿತನ ಎಲ್ಲಿತ್ತು?

ಅಟ್ಟದ ಮೇಲೆ ಉಳಿದಿರುವ ಹಳೆಯ ಬ್ಯಾಟರಿಯೊಂದನ್ನು ಬಿಚ್ಚಿ ನೋಡಿದರೆ ಅದರ ಕಸುಬು ತಿಳಿಯುತ್ತದೆ. ಮೈ ಹಿತ್ತಾಳೆಯದು, ಅಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಮೇಲೆ ನಿಕ್ಕಲ್ ಅಥವಾ ಕ್ರೋಮಿಯಂ ಲೇಪ. ಕೈ ಜಾರದಂತೆ ಮೈಮೇಲೆ ಉದ್ದುದ್ದ ಗೆರೆಗಳು. ತಲೆಯ ಭಾಗದಲ್ಲಿ ಗಾಜು, ಅದರ ಹಿಂದೆ ಬಟ್ಟಲಿನಂತೆ ಬಾಗಿಸಿ ಹೊಳಪು ಕೊಟ್ಟ ಲೋಹದ ಪ್ರತಿಫಲಕ. ನಡುವೆ ತಿರುಪಿನ ಬಲ್ಬು. ಅನೇಕ ಮಾದರಿಗಳಲ್ಲಿ ತಲೆಯನ್ನು ತಿರುಗಿಸಿದರೆ ಬೆಳಕು ದೂರಕ್ಕೆ ಚೂಪಾಗುತ್ತಿತ್ತು ಇಲ್ಲವೇ ಹತ್ತಿರಕ್ಕೆ ಹರಡುತ್ತಿತ್ತು. ಹಿಂಬದಿಯ ಮುಚ್ಚಳದಲ್ಲಿ ಸ್ಪ್ರಿಂಗು. ಕೆಲವದರ ಮುಚ್ಚಳದೊಳಗೆ ಒಂದು ಹೆಚ್ಚುವರಿ ಬಲ್ಬಿಗೂ ಜಾಗ. ಗೂಟಕ್ಕೆ ನೇತುಹಾಕಲು ತುದಿಯಲ್ಲೊಂದು ಬಳೆ.

ಸ್ವಿಚ್ಚು ಕೂಡ ಸರಳ. ಒಂದು ಹಿತ್ತಾಳೆ ಪಟ್ಟಿ ಮುಂದೆ ಸರಿದು ಇನ್ನೊಂದನ್ನು ಮುಟ್ಟಿದರೆ ದೀಪ ಹತ್ತುತ್ತಿತ್ತು. ಪಕ್ಕದಲ್ಲೊಂದು ಗುಂಡಿ ಇದ್ದರೆ ಅದನ್ನು ಒತ್ತಿ ಒತ್ತಿ ಸನ್ನೆ ಮಾಡಬಹುದಿತ್ತು. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ತಡವಾಗಿ ಬಂದವರಿಗೆ ಜಾಗ ತೋರಿಸಿದ್ದು, ರಾತ್ರಿ ಬಸ್ಸಿನ ಕಂಡಕ್ಟರು ಚೀಟಿ ಹರಿದದ್ದು, ಕಾವಲುಗಾರರು ಒಬ್ಬರಿಗೊಬ್ಬರು ದೂರದಿಂದ ಸುದ್ದಿ ಮುಟ್ಟಿಸಿದ್ದು ಇದರ ಬೆಳಕಿನಲ್ಲಿ.

ಈ ರಚನೆಯ ನಿಜವಾದ ಬಲ ಲೋಹದ ದಪ್ಪದಲ್ಲಿ ಮಾತ್ರ ಇರಲಿಲ್ಲ. ತಿರುಪು ಬಿಚ್ಚಲು ಬಂದ ಯಾರೇ ಆಗಲಿ ಅದರ ಪ್ರತಿಯೊಂದು ಭಾಗವನ್ನೂ ಹೊರತೆಗೆಯಬಹುದಿತ್ತು. ಬಲ್ಬು ಸುಟ್ಟರೆ ಸಂತೆಯಲ್ಲಿ ಬಲ್ಬು ಸಿಗುತ್ತಿತ್ತು. ಗಾಜು ಒಡೆದರೆ ಗಾಜು, ಸ್ಪ್ರಿಂಗು ಸೊರಗಿದರೆ ಎಳೆದು ಉದ್ದ ಮಾಡಿದರಾಯಿತು. ಪಟ್ಟಿ ಕಪ್ಪಾದರೆ ಉಪ್ಪುಕಾಗದದಿಂದ ಉಜ್ಜಿ ಹಾಕಿದರೆ ದೀಪ ಮತ್ತೆ ಹತ್ತುತ್ತಿತ್ತು. ವಾಚು ರಿಪೇರಿಯವರೂ ರೇಡಿಯೋ ರಿಪೇರಿಯವರೂ ಇದನ್ನು ಬಿಡುವಿನ ಕೆಲಸವಾಗಿ ಮಾಡಿಕೊಡುತ್ತಿದ್ದರು. ಕೊನೆಗೆ ಏನೂ ಮಾಡಲಾಗದಿದ್ದರೆ ಗುಜರಿಯವನು ಹಿತ್ತಾಳೆಯ ತೂಕಕ್ಕೆ ಬೆಲೆ ಕೊಡುತ್ತಿದ್ದ. ಕೆಟ್ಟ ಮೇಲೂ ಬೆಲೆಯಿದ್ದ ವಸ್ತು ಅದು.

ಈ ಬ್ಯಾಟರಿಯ ಮೂಲವಸ್ತುಗಳಿಗೆ ದುರ್ಗದ ನೆಲವೂ ಪರಕೀಯವಲ್ಲ. ಚಿತ್ರದುರ್ಗದ ಹತ್ತಿರದ ಇಂಗಳದಾಳಿನಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಾಮ್ರದ ಅದಿರು ತೆಗೆದರು. ಹೊಸದುರ್ಗದ ಕಡೆಯ ಗುಡ್ಡಸಾಲುಗಳಲ್ಲಿ ಮ್ಯಾಂಗನೀಸ್ ಅದಿರಿದೆ. ಹಿತ್ತಾಳೆಯ ಮೈಗೆ ತಾಮ್ರ ಬೇಕು, ಶೆಲ್ಲಿನ ಕಪ್ಪು ಪುಡಿಗೆ ಮ್ಯಾಂಗನೀಸ್ ಬೇಕು. ಕೈಯಲ್ಲಿ ಹಿಡಿದ ದೀಪದ ಧಾತುಗಳು ಕಾಲ ಕೆಳಗೇ ಇರುವ ಸೀಮೆ ಇದು.

ಹಳೆಯದರ ಕಾಯಿಲೆಗಳು

ಇಷ್ಟು ಹೇಳಿದ ಮೇಲೆ ಹಳೆಯದರ ದೋಷವನ್ನೂ ಹೇಳಬೇಕು. ಅಟ್ಟದ ಮೇಲೆ ಇಂದು ಕಾಣಸಿಗುವುದು ಉಳಿದುಕೊಂಡ ಬ್ಯಾಟರಿಗಳು ಮಾತ್ರ. ಕೊಳೆತುಹೋದವು ಎಂದೋ ಗುಜರಿ ಸೇರಿವೆ. ಉಳಿದ ನಾಲ್ಕನ್ನು ನೋಡಿ ‘ಹಿಂದಿನದೆಲ್ಲ ಗಟ್ಟಿ’ ಎನ್ನುವುದು ನೂರು ವರ್ಷ ಬದುಕಿದ ಅಜ್ಜನನ್ನು ನೋಡಿ ಹಿಂದಿನವರೆಲ್ಲ ದೀರ್ಘಾಯುಷಿಗಳಾಗಿದ್ದರು ಎಂದಂತೆ.

ಹಿತ್ತಾಳೆ ಬ್ಯಾಟರಿಯ ದೊಡ್ಡ ಶತ್ರು ಅದರ ಹೊಟ್ಟೆಯೊಳಗೇ ಇತ್ತು. ಒಣ ಶೆಲ್ಲಿನಲ್ಲಿ ಸತುವಿನ ಡಬ್ಬಿಯೇ ಪಾತ್ರೆ, ಅದೇ ಇಂಧನ. ಶೆಲ್ಲು ಖರ್ಚಾದಂತೆ ಡಬ್ಬಿ ಒಳಗಿನಿಂದ ಸವೆದು ತೂತಾಗುತ್ತದೆ. ಸತ್ತ ಶೆಲ್ಲನ್ನು ಒಳಗೇ ಮರೆತರೆ ಉಪ್ಪಿನ ರಸ ಸೋರಿ ಹಿತ್ತಾಳೆಯನ್ನು ತಿನ್ನುತ್ತದೆ. ಹಸಿರು ಕಿಲುಬು ಕಟ್ಟಿ, ಶೆಲ್ಲು ಉಬ್ಬಿ ಕೊಳವೆಗೆ ಕಚ್ಚಿಕೊಂಡು, ಬಡಿದರೂ ಹೊರಬಾರದೆ ಬ್ಯಾಟರಿಯೇ ಹಾಳಾಗುತ್ತಿತ್ತು. ಶೆಲ್ಲಿಗೆ ತಗಡಿನ ಹೊರಕವಚ ತೊಡಿಸಿದ ಮೇಲೆ ಸೋರಿಕೆ ಕಡಿಮೆಯಾಯಿತೇ ಹೊರತು ಪೂರ್ತಿ ನಿಲ್ಲಲಿಲ್ಲ.

ಬೆಳಕಿನ ಲೆಕ್ಕವೂ ಅಷ್ಟೇನೂ ಹೆಮ್ಮೆಯದಲ್ಲ. ಎರಡು ಶೆಲ್ಲಿನ ಬ್ಯಾಟರಿಗೆ ಹಾಕುತ್ತಿದ್ದ 2.5 ವೋಲ್ಟಿನ, 0.3 ಆಂಪಿಯರಿನ ಬಲ್ಬು ಮುಕ್ಕಾಲು ವ್ಯಾಟ್ ವಿದ್ಯುತ್ತು ನುಂಗುತ್ತಿತ್ತು. ಅದರಲ್ಲಿ ಬಹುಪಾಲು ಬಿಸಿಯಾಗಿ ಹೋಗಿ ಸ್ವಲ್ಪವಷ್ಟೇ ಬೆಳಕಾಗುತ್ತಿತ್ತು. ಇಂಥ ಚಿಕ್ಕ ಬಲ್ಬುಗಳಲ್ಲಿ ಅನೇಕವು ಒಟ್ಟು 15 ಗಂಟೆ ಉರಿಯುವಷ್ಟರಲ್ಲಿ ಸುಟ್ಟುಹೋಗುವಂಥವು. ಕೆಳಗೆ ಬಿದ್ದರೆ ಮೈಗೆ ಏನೂ ಆಗದಿದ್ದರೂ ಎಳೆ ತುಂಡಾಗುತ್ತಿತ್ತು. ಶೆಲ್ಲು ಸೊರಗಿದಂತೆ ಬೆಳಕು ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯುತ್ತಿತ್ತು.

ಆದ್ದರಿಂದಲೇ ಶೆಲ್ಲನ್ನು ಜನ ತುಪ್ಪದಂತೆ ಹಿಡಿತದಲ್ಲಿ ಬಳಸಿದರು. ಹೆಜ್ಜೆಗೊಮ್ಮೆ ಹಾಕಿ ಆರಿಸುವುದು ರೂಢಿ. ಸೊರಗಿದ ಶೆಲ್ಲನ್ನು ಬಿಸಿಲಿಗಿಟ್ಟು ಒಂದೆರಡು ರಾತ್ರಿ ಹೆಚ್ಚು ದುಡಿಸಿಕೊಳ್ಳುತ್ತಿದ್ದರು. ಶಾಖಕ್ಕೆ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗುವುದರಿಂದ ಇದರಲ್ಲಿ ಸತ್ಯವಿತ್ತು. ಟಾರ್ಚಿಗೆ ಸಾಲದ ಶೆಲ್ಲು ಗಡಿಯಾರಕ್ಕೆ ಸಾಕಾಗುತ್ತಿತ್ತು. ಅಲ್ಲಿಯೂ ಸತ್ತರೆ ಅದರ ಕಪ್ಪು ಪುಡಿ ಶಾಲೆಯ ಕರಿಹಲಗೆಗೆ ಬಳಿಯಲು, ಇದ್ದಿಲಿನ ಕಡ್ಡಿ ಮಕ್ಕಳ ಆಟಕ್ಕೆ. ಹೀಗೆ ಹಿತ್ತಾಳೆಯ ಮೈ ಬಹುಕಾಲ ಬಾಳಿತೆಂದರೆ ಅದರೊಳಗಿನ ಶೆಲ್ಲೂ ಬಲ್ಬೂ ಪದೇ ಪದೇ ಬದಲಾದದ್ದರಿಂದ. ದೀಪದ ಬೆಲೆ ಒಮ್ಮೆ, ಶೆಲ್ಲಿನ ಬೆಲೆ ಬಾಳಿನುದ್ದಕ್ಕೂ.

ಪ್ಲಾಸ್ಟಿಕ್ ಬಂದ ದಾರಿ

ಹಿತ್ತಾಳೆ ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಮೊದಲು ಅಲ್ಯೂಮಿನಿಯಂ, ಆಮೇಲೆ ಪ್ಲಾಸ್ಟಿಕ್ ಮೈಯ ಟಾರ್ಚುಗಳು ಅದರ ಪಕ್ಕದಲ್ಲಿ ಕುಳಿತವು. 2001ರ ಏಪ್ರಿಲ್ 1ರಂದು ಭಾರತ ಆಮದಿನ ಮೇಲಿನ ಉಳಿದ ಪರಿಮಾಣ ನಿರ್ಬಂಧಗಳನ್ನು ತೆಗೆದುಹಾಕಿತು. ಹೊರದೇಶದ, ಮುಖ್ಯವಾಗಿ ಚೀನಾದ ಅಗ್ಗದ ಸಾಮಾನುಗಳು ಸಂತೆಯ ತನಕ ಬಂದವು. ಇದೇ ಕಾಲಕ್ಕೆ ತಾಮ್ರದ ಬೆಲೆಯೂ ಏರಿತು. ಲಂಡನ್ ಲೋಹ ಮಾರುಕಟ್ಟೆಯಲ್ಲಿ 2003ರ ಆರಂಭದಲ್ಲಿ ಟನ್ನಿಗೆ 2,000 ಡಾಲರಿಗೂ ಕೆಳಗಿದ್ದ ತಾಮ್ರ 2006ರ ಮೇ ತಿಂಗಳಲ್ಲಿ 8,000 ಡಾಲರು ದಾಟಿತು. ತೂಕದ ಹಿತ್ತಾಳೆಯಲ್ಲಿ ಬಡವರಿಗೆ ಎಟುಕುವ ದೀಪ ಮಾಡುವುದು ಕಷ್ಟವಾಯಿತು.

ಇದಕ್ಕಿಂತ ದೊಡ್ಡ ಬದಲಾವಣೆ ದೀಪದೊಳಗೇ ಆಯಿತು. 1993ರಲ್ಲಿ ಜಪಾನಿನ ನಿಚಿಯಾ ಕಂಪನಿಯಲ್ಲಿ ಶೂಜಿ ನಕಾಮುರ ಪ್ರಖರವಾದ ನೀಲಿ ಎಲ್‌ಇಡಿಯನ್ನು ಮಾಡಿದರು. ಅದರ ಮೇಲೆ ಹಳದಿ ಹೊಳಪಿನ ಪುಡಿ ಲೇಪಿಸಿದಾಗ 1996ರಲ್ಲಿ ಬಿಳಿಯ ಬೆಳಕು ಮಾರುಕಟ್ಟೆಗೆ ಬಂತು. ನೀಲಿ ಎಲ್‌ಇಡಿಗಾಗಿ ನಕಾಮುರ, ಅಕಸಾಕಿ ಮತ್ತು ಅಮಾನೊ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. ಎಲ್‌ಇಡಿಯಲ್ಲಿ ಸುಡುವ ಎಳೆಯಿಲ್ಲ, ಒಡೆಯುವ ಗಾಜಿನ ಬುರುಡೆಯಿಲ್ಲ. ಹಳೆಯ ಟಾರ್ಚು ಬಲ್ಬು ಒಂದು ವ್ಯಾಟಿಗೆ ಕೊಡುತ್ತಿದ್ದ ಬೆಳಕಿನ ಸುಮಾರು ಹತ್ತು ಪಟ್ಟನ್ನು ಇಂದಿನ ಎಲ್‌ಇಡಿ ಕೊಡುತ್ತದೆ. ಸರಿಯಾಗಿ ಬಳಸಿದರೆ ಅದರ ಆಯುಷ್ಯ ಹತ್ತಾರು ಸಾವಿರ ಗಂಟೆ.

2003ರಲ್ಲಿ ಬಂದ ನೋಕಿಯಾ 1100 ಎಂಬ ಮೊಬೈಲು ಫೋನಿನ ತಲೆಯಲ್ಲಿ ಒಂದು ಪುಟ್ಟ ಟಾರ್ಚು ಇತ್ತು. ಹಳ್ಳಿಗಳಲ್ಲಿ ಅದು ಅಷ್ಟು ಮಾರಾಟವಾಗಲು ಆ ಬೆಳಕೂ ಒಂದು ಕಾರಣ. ಅಲ್ಲಿಂದಾಚೆಗೆ ಟಾರ್ಚು ಎಂಬುದು ಬೇರೆಯೇ ಒಂದು ವಸ್ತುವಾಗಿರಬೇಕೆಂಬ ನಿಯಮವೂ ಸಡಿಲವಾಯಿತು. ಆದರೂ ಹೊಲಕ್ಕೆ ಹೋಗುವವರು ಪ್ರತ್ಯೇಕ ಬ್ಯಾಟರಿಯನ್ನು ಬಿಡಲಿಲ್ಲ. ಕೆಸರು ಕೈಯಲ್ಲಿ ಹಿಡಿಯಲು, ನೀರು ಸಿಡಿದರೂ ಉರಿಯಲು, ದೂರ ನೋಡಲು ಫೋನಿನ ಬೆಳಕು ಸಾಲದು.

ಹೊಸದರ ಬಲವೂ ಬಲಹೀನತೆಯೂ

ಹೊಸ ಬ್ಯಾಟರಿಯನ್ನು ಬಿಚ್ಚಿ ನೋಡಹೊರಟರೆ ಮೊದಲ ತೊಡಕು ಅಲ್ಲಿಯೇ. ಅಗ್ಗದ ಮಾದರಿಗಳಲ್ಲಿ ಬಿಚ್ಚಲು ತಿರುಪೇ ಇರುವುದಿಲ್ಲ. ಎರಡು ಪ್ಲಾಸ್ಟಿಕ್ ಹೋಳುಗಳನ್ನು ಅಂಟಿಸಿಯೋ ಕೊಕ್ಕೆಯಿಂದ ಸಿಕ್ಕಿಸಿಯೋ ಮುಚ್ಚಿರುತ್ತಾರೆ. ಒಳಗೆ ಎಲ್‌ಇಡಿ ಕೂರಿಸಿದ ಪುಟ್ಟ ಹಲಗೆ, ಕೂದಲಿನಂಥ ತಂತಿ, ಗುಂಡಿಯಷ್ಟು ಸ್ವಿಚ್ಚು, ಚಾರ್ಜು ಮಾಡುವ ಕೋಶ.

ಈ ಕೋಶವೇ ಹೊಸ ದೀಪದ ಆಯುಷ್ಯರೇಖೆ. ಮೊದಲ ಚಾರ್ಜಿನ ಟಾರ್ಚುಗಳಲ್ಲಿ ಹೆಚ್ಚಾಗಿ 4 ವೋಲ್ಟಿನ ಸೀಸ–ಆಮ್ಲದ ಪುಟ್ಟ ಕೋಶ ಇರುತ್ತಿತ್ತು. ಅದನ್ನು ಪೂರ್ತಿ ಬರಿದಾಗಿಸಿ ಹಾಗೆಯೇ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಗಟ್ಟಿ ಹರಳು ಕಟ್ಟಿ ಮತ್ತೆ ಚಾರ್ಜು ಹಿಡಿಯುವುದಿಲ್ಲ. ಕರೆಂಟು ಕೈಕೊಡುವ ಊರಿನಲ್ಲಿ, ಬೇಸಿಗೆಯಲ್ಲಿ ಬಳಸಿ ಮೂಲೆಗಿಟ್ಟ ಟಾರ್ಚು ಮಳೆಗಾಲದಲ್ಲಿ ಸತ್ತಿರುವುದಕ್ಕೆ ಇದೇ ಕಾರಣ. ಅಗ್ಗದ ಕೆಲವು ಟಾರ್ಚುಗಳಲ್ಲಿ ಗೋಡೆಯ ವಿದ್ಯುತ್ತನ್ನು ಇಳಿಸಲು ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಂದು ಕೆಪಾಸಿಟರ್ ಮಾತ್ರ. ಅಂಥವನ್ನು ಪ್ಲಗ್ಗಿಗೆ ಸಿಕ್ಕಿಸಿದ ಹೊತ್ತಿನಲ್ಲಿ ಒಡೆದ ಮೈಯನ್ನು ಮುಟ್ಟಿದರೆ ಶಾಕ್ ಹೊಡೆಯುವ ಅಪಾಯವಿದೆ. ಈಚಿನ ಲಿಥಿಯಂ ಕೋಶಗಳು ಹಗುರ, ಬಲಶಾಲಿ, ಮೊಬೈಲಿನ ಚಾರ್ಜರಿನಲ್ಲೇ ತುಂಬಿಕೊಳ್ಳುತ್ತವೆ. ಅವಕ್ಕೂ ವರ್ಷಗಳ ಮಿತಿಯಿದೆ, ಸೆಕೆಗೆ ಬೇಗ ಮುಪ್ಪಾಗುತ್ತವೆ. ಕೋಶ ಸತ್ತರೆ ಬದಲಿಸಲು ಬಾರದ ದೀಪದಲ್ಲಿ ಎಲ್‌ಇಡಿ ಇನ್ನೂ ಹತ್ತಾರು ಸಾವಿರ ಗಂಟೆ ಉರಿಯಲು ಸಿದ್ಧವಾಗಿದ್ದಂತೆಯೇ ತಿಪ್ಪೆಗೆ ಹೋಗುತ್ತದೆ.

ಹಾಗಾದರೆ ಹಳೆಯದರಲ್ಲಿ ಮೈ ಬಾಳುತ್ತಿತ್ತು, ಬೆಳಕು ಸಾಯುತ್ತಿತ್ತು. ಹೊಸದರಲ್ಲಿ ಬೆಳಕು ಬಾಳುತ್ತದೆ, ಮೈ ಸಾಯುತ್ತದೆ. ಸತ್ತದ್ದನ್ನು ತೆಗೆದು ಬದಲಿಸಲು ಹಳೆಯದರಲ್ಲಿ ದಾರಿಯಿತ್ತು ಎಂಬುದೇ ದೊಡ್ಡ ವ್ಯತ್ಯಾಸ.

ಹೊಸದೆಲ್ಲ ಪೊಳ್ಳೆಂದೂ ತಿಳಿಯಬಾರದು. ದಪ್ಪ ಅಲ್ಯೂಮಿನಿಯಂ ಮೈ, ನೀರು ಹೋಗದಂತೆ ರಬ್ಬರಿನ ಬಳೆ, ಬಿಚ್ಚಿ ಬದಲಿಸಬಹುದಾದ ಕೋಶ ಇರುವ ಎಲ್‌ಇಡಿ ಟಾರ್ಚುಗಳು ಹಿತ್ತಾಳೆಯ ಬ್ಯಾಟರಿಯನ್ನು ಎಲ್ಲ ವಿಷಯದಲ್ಲೂ ಮೀರಿಸುತ್ತವೆ. ಆದರೆ ಅವುಗಳ ಬೆಲೆ ಹೆಚ್ಚು, ಹಳ್ಳಿಯ ಅಂಗಡಿಯಲ್ಲಿ ಸಿಗುವುದು ಕಡಿಮೆ.

ಬದುವಿನ ಮೇಲಿನ ಪರೀಕ್ಷೆ

ಪಟ್ಟಣದಲ್ಲಿ ಟಾರ್ಚು ಕೈಕೊಟ್ಟರೆ ಆಗುವುದು ಬೇಸರ. ಬದುವಿನ ಮೇಲೆ ಕೈಕೊಟ್ಟರೆ ಕಥೆಯೇ ಬೇರೆ. ದುರ್ಗದ ಕುರುಚಲು ಕಾಡಿನಲ್ಲಿ, ಜೋಗಿಮಟ್ಟಿಯ ಸುತ್ತಲ ಬೆಟ್ಟಗಳಲ್ಲಿ ಕರಡಿ, ಚಿರತೆಗಳಿವೆ. ಅವಕ್ಕಿಂತ ಹೆಚ್ಚಿನ ಭಯ ಹಾವಿನದು. ಕಟ್ಟುಹಾವು ರಾತ್ರಿಯೇ ಹೊರಬರುವ ಹಾವು. ಕೊಳಕುಮಂಡಲವೂ ಹೆಚ್ಚಾಗಿ ಕತ್ತಲಲ್ಲೇ ಓಡಾಡುತ್ತದೆ, ತರಗೆಲೆಯ ಬಣ್ಣದಲ್ಲಿ ಬೆರೆತು ಅಲ್ಲಾಡದೆ ಬಿದ್ದಿರುತ್ತದೆ.

2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000. ಇವರಲ್ಲಿ ಬಹುಪಾಲು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಡಿತದ ಮೇಲೆ ವಿಷನಿರೋಧಕ ಮದ್ದು ಉಳಿಸುತ್ತದೆ. ಕಡಿತಕ್ಕೆ ಮೊದಲು ಉಳಿಸುವುದು ಕಾಲಿಗೆ ಬೂಟು, ಕೈಗೆ ಬೆಳಕು.

ಈ ದೃಷ್ಟಿಯಿಂದ ನೋಡಿದರೆ ಹೊಸ ಬೆಳಕಿನ ಉಪಕಾರ ದೊಡ್ಡದು. ಶೆಲ್ಲು ಉಳಿಸಲು ಹೆಜ್ಜೆಗೊಮ್ಮೆ ಆರಿಸಿಕೊಂಡು ಕತ್ತಲಲ್ಲಿ ಕಾಲಿಡುತ್ತಿದ್ದ ಕಾಲ ಹೋಯಿತು. ಈಗ ಮನೆಯಿಂದ ಮೋಟಾರು ಮನೆಯವರೆಗೆ ಬೆಳಕು ಆರಿಸದೆ ಹೋಗಬಹುದು. ಆದರೆ ಹಳೆಯ ಬ್ಯಾಟರಿಗೆ ಒಂದು ಗುಣವಿತ್ತು. ಅದು ಸಾಯುವ ಮುಂಚೆ ಹೇಳಿ ಸಾಯುತ್ತಿತ್ತು. ಬೆಳಕು ಕೆಂಪಾಗಿದೆಯೆಂದರೆ ನಾಳೆ ಶೆಲ್ಲು ತರಬೇಕೆಂದು ಯಾರಿಗೂ ತಿಳಿಯುತ್ತಿತ್ತು. ಹೊಸ ದೀಪಗಳಲ್ಲಿ ಅನೇಕವು ಕೊನೆಯವರೆಗೂ ಬೆಳ್ಳಗೆ ಉರಿದು ಇದ್ದಕ್ಕಿದ್ದಂತೆ ಆರಿಬಿಡುತ್ತವೆ. ಅಗ್ಗದ ಎಲ್‌ಇಡಿಗಳ ನೀಲಿ ಛಾಯೆಯ ಬೆಳಕಿನಲ್ಲಿ ಕೆಂಪು, ಕಂದು ಬಣ್ಣಗಳ ವ್ಯತ್ಯಾಸ ಮಸುಕಾಗುತ್ತದೆ ಎಂಬುದೂ ನಿಜ. ತರಗೆಲೆಯನ್ನೂ ಹಾವನ್ನೂ ಬೇರೆ ಮಾಡಿ ನೋಡಬೇಕಾದವನಿಗೆ ಅದು ಸಣ್ಣ ವಿಷಯವಲ್ಲ.

ಬಿಚ್ಚಲು ಬರುವ ದೀಪ

ಕೆಟ್ಟ ವಸ್ತುವನ್ನು ಸರಿಮಾಡಿಕೊಳ್ಳುವ ಅವಕಾಶ ಬಳಕೆದಾರನಿಗೆ ಇರಬೇಕೆಂಬ ಮಾತು ಈಗ ಲೋಕದಾದ್ಯಂತ ಕೇಳಿಬರುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ರಚಿಸಿತು. ಕೃಷಿ ಸಲಕರಣೆ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ ಇವು ಅದರ ಗಮನದ ಕ್ಷೇತ್ರಗಳು. ಅದೇ ವರ್ಷದ ಆಗಸ್ಟಿನಲ್ಲಿ ಹೊರಬಿದ್ದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸತ್ತ ಕೋಶಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಟಾರ್ಚಿನಂಥ ಚಿಕ್ಕ ವಸ್ತುವಿಗೆ ಇವು ಎಷ್ಟರಮಟ್ಟಿಗೆ ತಲುಪುತ್ತವೆಯೆಂಬುದನ್ನು ಹಳ್ಳಿಯ ತಿಪ್ಪೆಗಳೇ ಹೇಳಬೇಕು.

ಹೊಸ ಬ್ಯಾಟರಿ ಕೊಳ್ಳುವವರು ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಮೈಯಲ್ಲಿ ತಿರುಪು ಇದೆಯೇ, ಕೋಶ ಹೊರಬರುತ್ತದೆಯೇ, ಅದು ಬೇರೆ ಕಡೆಯೂ ಸಿಗುವ ಅಳತೆಯದೇ, ಸ್ವಿಚ್ಚಿನ ಮೇಲೆ ರಬ್ಬರಿನ ಹೊದಿಕೆ ಇದೆಯೇ, ಬೆಳಕು ತೀರ ನೀಲಿಯಾಗಿದೆಯೇ ಎಂದು ನೋಡುವುದಕ್ಕೆ ಎಂಜಿನಿಯರು ಬೇಕಿಲ್ಲ. ಮಡಕೆ ಕೊಳ್ಳುವಾಗ ಬೆರಳಿನಿಂದ ಬಾರಿಸಿ ನೋಡಿದ ಜನಕ್ಕೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಅಟ್ಟದ ಮೇಲಿನ ಹಿತ್ತಾಳೆ ಬ್ಯಾಟರಿಗೂ ಇನ್ನೊಂದು ಬಾಳು ಇದೆ. ಅದರ ತಿರುಪಿಗೇ ಕೂರುವ ಎಲ್‌ಇಡಿ ಬಲ್ಬುಗಳು ಈಗ ಸಿಗುತ್ತವೆ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟು ಬೇಕು. ಆದ್ದರಿಂದ ಸೊರಗಿದ ಎರಡು ಶೆಲ್ಲು ಅದಕ್ಕೆ ಸಾಲದು. ಒಳಗೆ ವೋಲ್ಟೇಜು ಏರಿಸುವ ಪುಟ್ಟ ಮಂಡಲ ಇರುವ ಬಲ್ಬನ್ನು ಕೇಳಿ ಪಡೆಯಬೇಕು, ಅಥವಾ ಮೂರು ಶೆಲ್ಲಿನ ಬ್ಯಾಟರಿಯಾಗಿದ್ದರೆ ಅದರ ವೋಲ್ಟೇಜಿಗೆಂದೇ ಮಾಡಿದ ಬಲ್ಬನ್ನು ಆರಿಸಬೇಕು. ಕಿಲುಬು ಹಿಡಿದ ಒಳಮೈಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಚೆನ್ನಾಗಿ ಒಣಗಿಸಿ, ಸ್ಪ್ರಿಂಗಿನ ತುದಿಯನ್ನು ಉಜ್ಜಿ, ಹೊಸ ಶೆಲ್ಲು ಹಾಕಿದರೆ ಐವತ್ತು ವರ್ಷದ ಹಳೆಯ ಮೈಯಿಂದ ಈ ಕಾಲದ ಬೆಳಕು ಹೊರಬರುತ್ತದೆ. ಬಳಸದ ದಿನಗಳಲ್ಲಿ ಶೆಲ್ಲನ್ನು ಹೊರತೆಗೆದಿಡುವುದೊಂದನ್ನು ಮಾತ್ರ ಮರೆಯಬಾರದು.